ಘಟ್ಟದಲ್ಲಿ ಮರ ಕಡಿಯುವುದು ನಿಂತಿತು, ಹಾಗಾದರೆ ಪಣಂಬೂರು ಬಂದರಿನಲ್ಲಿ ಇಳಿಯುವ ದಿಮ್ಮಿ ಯಾರ ಕಾಡಿನದ್ದು?

ಮುಚ್ಚಿಗೆ ಮನೆ, ಉಡುಪಿ

ಎಲ್ಲರಿಗೂ ನಮಸ್ಕಾರ. ಉಡುಪಿ, ಕಾಪು ಕಡೆ ಮನೆ ಕಟ್ಟಿಸುವುದು ನನ್ನ ಕೆಲಸ. ಹಳೆ ಮನೆ ಬಿಚ್ಚುವ ಕೆಲಸವೂ ಬರುತ್ತದೆ. ಬಿಚ್ಚಿದಾಗ ಸಿಗುವ ಪಕ್ಕಾಸು, ರೀಪು, ದಾರಂದ (ಬಾಗಿಲ ಚೌಕಟ್ಟು), ಮುಚ್ಚಿಗೆಯ ಹಲಗೆ ಎಲ್ಲ ಇಲ್ಲಿಯದೇ ಮರ. ಹಲಸು, ಹೆಬ್ಬಲಸು, ಕಿರಾಲ್‌ಬೋಗಿ, ಮತ್ತಿ. ಅದೇ ಜಾಗದಲ್ಲಿ ಏಳುವ ಹೊಸ ಮನೆಗೆ ನಾವು ಹಾಕುವುದು ಜಾಸ್ತಿ ಮಲೇಷ್ಯಾ ಮರ. ಸ್ವಲ್ಪ ಅನುಕೂಲ ಇದ್ದವರು ಆಫ್ರಿಕಾದ ಅಥವಾ ದಕ್ಷಿಣ ಅಮೆರಿಕದ ತೇಗ ಹಾಕಿಸುತ್ತಾರೆ.

ಮೊನ್ನೆ ಮನೆ ಯಜಮಾನರೊಬ್ಬರು ನೇರ ಕೇಳಿದರು, "ಈ ಮರ ಕಡಿದ ಜಾಗದಲ್ಲಿ ಈಗ ಎಂತ ಉಂಟು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮರದ ಅಂಗಡಿಯವರ ಹತ್ತಿರವೂ ಇರಲಿಲ್ಲ. ಬಿಲ್ಲಿನಲ್ಲಿ ಇರುವುದು ಸಿಎಫ್‌ಟಿ (ಎಷ್ಟು ಘನ ಅಡಿ ಎಂಬ ಲೆಕ್ಕ) ಮತ್ತು ರೇಟು ಮಾತ್ರ.

ನಮ್ಮ ಘಟ್ಟದ ಕಾಡಿನಲ್ಲಿ ಹಸಿ ಮರ ಕಡಿಯುವುದು ನಿಂತು ದಶಕಗಳೇ ಆದವು. ಒಳ್ಳೆಯದೇ ಆಯಿತು. ಆದರೆ ನಮಗೆ ಬೇಕಾದ ಮರವೇನೂ ಕಡಿಮೆ ಆಗಲಿಲ್ಲ ಅಲ್ವಾ? ಹಾಗಾದರೆ ಕೊಡಲಿ ಬೇರೆಯವರ ಕಾಡಿಗೆ ಹೋಯಿತು, ಅಷ್ಟೇನಾ? ಕಾಡೂ ಉಳಿದು ಮರವೂ ಸಿಗಬೇಕಾದರೆ ಸರ್ಕಾರಗಳ ಕೈಯಲ್ಲಿ ಏನೇನು ದಾರಿ ಉಂಟು, ಯಾವುದು ನಿಜವಾಗಿ ಕೆಲಸ ಮಾಡಿದೆ? ಗೊತ್ತಿದ್ದವರು ದಯವಿಟ್ಟು ವಿವರವಾಗಿ ಬರೆಯಿರಿ.

ಸಾಮಿಲ್ ರೈಟರ್, ಮಂಗಳೂರು

ಈ ಪ್ರಶ್ನೆ ಯಾರಾದರೂ ಕೇಳಬೇಕಿತ್ತು ಮಾರಾಯ್ರೆ. ನಾನು ಮಿಲ್ಲಿನಲ್ಲಿ ಲೆಕ್ಕ ಬರೆಯುವವನು, ನಾನು ನೋಡಿದ್ದನ್ನು ಹೇಳುತ್ತೇನೆ.

ನಮ್ಮ ಲೈನಿನಲ್ಲಿ ಎಲ್ಲ ಬದಲಾದದ್ದು 1996ರ ಡಿಸೆಂಬರ್ 12ಕ್ಕೆ. ಗೋದಾವರ್ಮನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು. ನೀಲಗಿರಿಯ ಗೂಡಲೂರು ಕಡೆಯ ಕಾಡಿನ ವಿಷಯದಲ್ಲಿ ಶುರುವಾದ ಕೇಸು ಅದು, ಕೊನೆಗೆ ಇಡೀ ದೇಶಕ್ಕೆ ಅನ್ವಯ ಆಯಿತು. ಜಾಗ ಯಾರ ಹೆಸರಿನಲ್ಲೇ ಇರಲಿ, ಕಾಡಿನ ಹಾಗೆ ಇದ್ದರೆ ಅದು ಕಾಡೇ ಎಂದು ಕೋರ್ಟ್ ಹೇಳಿತು. ಕಾಡಿನಲ್ಲಿ ಅನುಮತಿ ಇಲ್ಲದೆ ನಡೆಯುತ್ತಿದ್ದ ಮಿಲ್ಲುಗಳಿಗೆ ಬೀಗ ಬಿತ್ತು. 2002ರಿಂದ ಕೇಂದ್ರದ ಉನ್ನತಾಧಿಕಾರ ಸಮಿತಿಯ ಒಪ್ಪಿಗೆ ಇಲ್ಲದೆ ಹೊಸ ಮಿಲ್ಲಿಗೆ ಲೈಸೆನ್ಸ್ ಕೊಡುವ ಹಾಗಿರಲಿಲ್ಲ. ಈಗ 2016ರ ಮಾರ್ಗಸೂಚಿ ಪ್ರಕಾರ ಮರ ಎಷ್ಟು ಸಿಗುತ್ತದೆ ಎಂದು ನೋಡಿ ರಾಜ್ಯದ ಸಮಿತಿ ತೀರ್ಮಾನ ಮಾಡುತ್ತದೆ. ನನ್ನ ಪ್ರಕಾರ ಇದು ಸರಿಯಾದ ಕ್ರಮ. ಊರಿನಲ್ಲಿ ಸಿಗುವ ಮರಕ್ಕಿಂತ ಮಿಲ್ಲುಗಳ ಹೊಟ್ಟೆ ದೊಡ್ಡದಾದರೆ ಕಳ್ಳ ಮರ ಬಂದೇ ಬರುತ್ತದೆ.

ಇನ್ನು ಹಡಗಿನ ಮರ. ಯಾರ್ಡಿನಲ್ಲಿ ದಿಮ್ಮಿಯ ತುದಿ ನೋಡಿ. ಬಣ್ಣದಲ್ಲಿ ಬರೆದ ಗುರುತು ಇರುತ್ತದೆ, ಸಣ್ಣ ಪ್ಲಾಸ್ಟಿಕ್ ಟ್ಯಾಗು ಹೊಡೆದಿರುತ್ತಾರೆ, ಅದರ ಮೇಲೆ ನಂಬರು. ಮರದ ಜಾತಕ ಇರುವುದು ಆ ಟ್ಯಾಗಿನಲ್ಲಿ. ಮಿಲ್ಲಿಗೆ ಬಂದ ಕೂಡಲೇ ಮೊದಲು ಹೋಗುವುದು ಆ ತುದಿಯೇ, ಯಾಕೆಂದರೆ ತುದಿ ಬಿರುಕು ಬಿಟ್ಟಿರುತ್ತದೆ, ಗಿರಾಕಿಗೆ ಕೊಡಲು ಆಗುವುದಿಲ್ಲ. ಅಲ್ಲಿಂದ ಮುಂದೆ ಅದು ಬರೀ "ಮಲೇಷ್ಯಾ ಮರ". ಆ ನಂಬರನ್ನು ನಮ್ಮ ಬಿಲ್ಲಿಗೆ ಇಳಿಸಿ ಎಂದು ಯಾವ ಕಾನೂನೂ ಹೇಳುವುದಿಲ್ಲ.

ಹೆಬ್ರಿ ತೋಟ

ನನ್ನದು ಕೃಷಿಕನ ಮಾತು. ಸ್ವಲ್ಪ ಕೋಪವೂ ಉಂಟು.

ನಮ್ಮ ವರ್ಗ ಜಾಗದ, ಅಂದರೆ ಸ್ವಂತ ಪಟ್ಟಾ ಜಾಗದ, ಅಂಚಿನಲ್ಲಿ ಅಜ್ಜನ ಕಾಲದ ಒಂದು ಹಲಸು. ಫಲ ನಿಂತಿತ್ತು, ಬುಡದಲ್ಲಿ ಪೊಟರೆ ಬಿದ್ದಿತ್ತು. ಮಗಳ ಮನೆಗೆ ದಾರಂದ ಮಾಡಿಸುವ ಎಂದು ಕಡಿಯಲು ಅರ್ಜಿ ಹಾಕಿದೆ. ಪಹಣಿ, ನಕ್ಷೆ, ಸರ್ವೆ ಸ್ಕೆಚ್ ಕೇಳಿದರು, ಕೊಟ್ಟೆ. ಆಮೇಲೆ ಮರ ವರ್ಗದಲ್ಲಿ ಉಂಟಾ ಕುಮ್ಕಿಯಲ್ಲಿ ಉಂಟಾ ಎಂಬ ಚರ್ಚೆ ಶುರುವಾಯಿತು. ಘಟ್ಟದ ಮೇಲಿನವರಿಗೆ ಗೊತ್ತಿರಲಿಕ್ಕಿಲ್ಲ: ನಮ್ಮ ಜಿಲ್ಲೆಯಲ್ಲಿ ಹಳೆ ವರ್ಗ ಜಾಗದಿಂದ 100 ಗಜದವರೆಗಿನ ಸರ್ಕಾರಿ ಜಾಗವನ್ನು ಸೊಪ್ಪಿಗೆ, ದನ ಮೇಯಿಸಲಿಕ್ಕೆ ಬಳಸುವ ಹಕ್ಕು ಕೃಷಿಕನಿಗೆ ಉಂಟು, ಅದೇ ಕುಮ್ಕಿ. ಜಾಗ ಸರ್ಕಾರದ್ದು, ಕಾಪಾಡಿಕೊಂಡು ಬಂದವರು ನಾವು. ಅಳತೆಗೆ ಜನ ಬರುವಷ್ಟರಲ್ಲಿ ಮಳೆಗಾಲ ಬಂತು, ಗಾಳಿಗೆ ಮರ ಅರ್ಧಕ್ಕೆ ಮುರಿದು ಅಡಿಕೆ ತೋಟದ ಮೇಲೆ ಬಿತ್ತು. ಮಗಳ ಮನೆಗೆ ಮಲೇಷ್ಯಾ ಮರದ ದಾರಂದ ಹಾಕಿಸಿದೆವು.

ಈಗ ಹೇಳಿ, ಇನ್ನೊಂದು ಹಲಸು ನೆಡಲು ನನಗೆ ಮನಸ್ಸು ಬರುವುದು ಹೇಗೆ? ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದ್ದು. ಅದರಲ್ಲಿ ರಬ್ಬರ್, ಸಿಲ್ವರ್ ಓಕ್, ನೀಲಗಿರಿ, ಗಾಳಿ ಮರಕ್ಕೆ ಅನುಮತಿ ಬೇಡ. ಹಾಗಾಗಿ ಎಲ್ಲರೂ ಅದನ್ನೇ ನೆಡುತ್ತಾರೆ. ಊರಿನ ಮರ ತಾನಾಗಿ ಹುಟ್ಟಿದರೆ ಸಣ್ಣದಿರುವಾಗಲೇ ಕತ್ತಿಯಲ್ಲಿ ಸವರಿ ಬಿಡುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ದೊಡ್ಡದಾದರೆ ತಲೆನೋವು ಎಂದು. ಮರ ಉಳಿಸಲು ಮಾಡಿದ ಕಾನೂನು ಇದು, ಮರ ಹುಟ್ಟಲಿಕ್ಕೇ ಬಿಡುತ್ತಿಲ್ಲ.

ಕುಂದಾಪ್ರ ಹಾಡಿ

ಹೆಬ್ರಿಯವರೆ, ನಿಮ್ಮ ಕಷ್ಟ ಅರ್ಥ ಆಗುತ್ತದೆ. ಆದರೆ ಅನುಮತಿಯೇ ಬೇಡ ಎಂದು ಬಿಟ್ಟರೆ ನಮ್ಮ ಕಡೆಯ ಹಾಡಿಗಳು, ಅಂದರೆ ಊರಿನ ಪಕ್ಕದ ಸಣ್ಣ ಕಾಡುಗಳು, ಒಂದು ಬೇಸಿಗೆಯಲ್ಲಿ ಬೋಳಾಗುತ್ತವೆ. ಮರದ ವ್ಯಾಪಾರಿಗಳು ಮುಂಗಡ ಹಿಡಿದುಕೊಂಡು ಮನೆ ಮನೆಗೆ ಬರುತ್ತಾರೆ. ಸಾಲ ಇದ್ದವನು ಬೇಡ ಎನ್ನುವುದಿಲ್ಲ. ಹಾಡಿ ಹೋದರೆ ಕೆಳಗಿನ ಮದಗಕ್ಕೆ ನೀರಿಲ್ಲ, ಬಾವಿಗೆ ನೀರಿಲ್ಲ.

ಇನ್ನೊಂದು. ಡೀಮ್ಡ್ ಅರಣ್ಯ (ದಾಖಲೆಯಲ್ಲಿ ಅರಣ್ಯ ಅಲ್ಲದಿದ್ದರೂ ಕಾಡಿನ ಹಾಗೆ ಇರುವ ಜಾಗ) ಎಂದು ಗುರುತಿಸಿದ್ದ ಸುಮಾರು 9.9 ಲಕ್ಷ ಹೆಕ್ಟೇರ್ ಜಾಗವನ್ನು 2022ರಲ್ಲಿ ರಾಜ್ಯ ಸರ್ಕಾರ 3.3 ಲಕ್ಷಕ್ಕೆ ಇಳಿಸಿತು. ಅದರಲ್ಲಿ ಮನೆ, ತೋಟ ಮಾಡಿಕೊಂಡವರಿಗೆ ನ್ಯಾಯ ಸಿಕ್ಕಿದ್ದು ಹೌದು. ಆದರೆ ನಿಜವಾಗಿ ಮರ ಇರುವ ಹಾಡಿಗಳೂ ಅದರೊಟ್ಟಿಗೆ ಹೊರಗೆ ಬಂದಿದ್ದರೆ? ಸಡಿಲ ಮಾಡುವಾಗ ನೂರು ಸಲ ಯೋಚಿಸಬೇಕು.

ನಿವೃತ್ತ ಗಾರ್ಡ್, ಕಾರ್ಕಳ

ಇಬ್ಬರ ಮಾತಿನಲ್ಲೂ ಸತ್ಯ ಉಂಟು. ಕಾಡಿನಲ್ಲಿ ಮರ ಕಡಿಯುತ್ತಿದ್ದ ಕಾಲದ ಕೊನೆಯನ್ನು ನಾನು ಸರ್ವಿಸಿನಲ್ಲಿ ನೋಡಿದ್ದೇನೆ, ಸ್ವಲ್ಪ ಹೇಳುತ್ತೇನೆ.

ಆಗ ಇದ್ದದ್ದು ಆಯ್ದ ಮರ ಕಡಿಯುವ ಪದ್ಧತಿ. ನಿಗದಿ ಮಾಡಿದ ಸುತ್ತಳತೆ ದಾಟಿದ ಮರ ಮಾತ್ರ, ಒಂದು ಬ್ಲಾಕಿಗೆ ಒಮ್ಮೆ ಕೈ ಹಾಕಿದರೆ ಮತ್ತೆ ಹಲವು ವರ್ಷ ಆ ಕಡೆ ಹೋಗಬಾರದು. ಪುಸ್ತಕದಲ್ಲಿ ಚಂದ. ಮಾರ್ಕಿಂಗ್ ಹ್ಯಾಮರ್, ಅಂದರೆ ಮುದ್ರೆ ಒತ್ತುವ ಸುತ್ತಿಗೆ, ಎರಡು ಕಡೆ ಹೊಡೆಯಬೇಕು. ಎದೆಮಟ್ಟದಲ್ಲಿ ಒಂದು, ಬುಡದಲ್ಲಿ ಒಂದು. ಮರ ಹೋದ ಮೇಲೂ ಕುತ್ತಿಯಲ್ಲಿ (ನೆಲದಲ್ಲಿ ಉಳಿದ ಬುಡದಲ್ಲಿ) ಮುದ್ರೆ ಉಳಿಯಬೇಕು, ಯಾರು ಬಂದು ನೋಡಿದರೂ ಲೆಕ್ಕ ಸಿಗಬೇಕು. ಮುದ್ರೆ ಇಲ್ಲದ ಕುತ್ತಿ ಸಿಕ್ಕಿದರೆ ಅದು ಕಳ್ಳತನ. ಇಷ್ಟು ಸರಳ ಕ್ರಮ, ಆದರೆ ಆ ಬೆಟ್ಟದಲ್ಲಿ ಕುತ್ತಿ ಕುತ್ತಿ ನೋಡಿ ಬರಲು ಜನ ಬೇಕಲ್ಲ? ಒಬ್ಬ ಗಾರ್ಡಿಗೆ ಎಷ್ಟು ಬೆಟ್ಟ ಅಂತ ಸುತ್ತುವುದು?

ಮತ್ತೆ ಹಾಳಾದದ್ದು ಕಡಿದ ಮರ ಒಂದೇ ಅಲ್ಲ. ದೊಡ್ಡ ಮರಕ್ಕೆ ಬಳ್ಳಿ ಸುತ್ತಿರುತ್ತದೆ, ಪಕ್ಕದ ಮರಕ್ಕೂ ಅದೇ ಬಳ್ಳಿ. ಒಂದು ಬೀಳುವಾಗ ನಾಲ್ಕನ್ನು ಎಳೆದುಕೊಂಡೇ ಬೀಳುತ್ತದೆ. ಅದನ್ನು ರಸ್ತೆಗೆ ಎಳೆದ ದಾರಿಯಲ್ಲಿ ಒಂದು ಸಸಿಯೂ ಇರುವುದಿಲ್ಲ. ಮಳೆಗಾಲದಲ್ಲಿ ಅದೇ ದಾರಿ ತೋಡು. ರಸ್ತೆ ಆದ ಮೇಲೆ ಲಾರಿ, ಲಾರಿ ಆದ ಮೇಲೆ ಒತ್ತುವರಿ. ಬಳ್ಳಿಯನ್ನು ಮುಂಚೆಯೇ ಕಡಿದಿಟ್ಟು, ಮರ ಯಾವ ದಿಕ್ಕಿಗೆ ಬೀಳಬೇಕು, ಯಾವ ದಾರಿಯಲ್ಲಿ ಎಳೆಯಬೇಕು ಎಂದು ಮೊದಲೇ ನಕ್ಷೆ ಮಾಡಿದರೆ ಹಾನಿ ಬಹಳ ಕಡಿಮೆ ಆಗುತ್ತದೆ. ಇದನ್ನು ಈಗ ಮಲೇಷ್ಯಾ, ಬ್ರೆಜಿಲ್‌ನಲ್ಲಿ ಕಲಿಸುತ್ತಾರೆ. ಆದರೆ ಇಷ್ಟು ತಾಳ್ಮೆ ಗುತ್ತಿಗೆದಾರನಿಗೆ ಬರಬೇಕಾದರೆ ಆ ಕಾಡು ಮುಂದಿನ ಸರದಿಗೂ ತನ್ನ ಕೈಯಲ್ಲೇ ಇರುತ್ತದೆ ಎಂಬ ಖಾತ್ರಿ ಅವನಿಗೆ ಬೇಕು.

1988ರ ರಾಷ್ಟ್ರೀಯ ಅರಣ್ಯ ನೀತಿ ಸ್ಪಷ್ಟವಾಗಿ ಹೇಳಿತು: ಕಾಡು ಇರುವುದು ನೀರು, ಮಣ್ಣು, ಜೀವಜಾಲಕ್ಕೆ. ಕಾರ್ಖಾನೆಗೆ ಮರ ಬೇಕಾದರೆ ರೈತರ ಹತ್ತಿರ ಬೆಳೆಸಿ ತೆಗೆದುಕೊಳ್ಳಿ. ಅರ್ಧ ಮಾತನ್ನು ನಾವು ಪಾಲಿಸಿದೆವು, ಕಾಡಿನಲ್ಲಿ ಕಡಿಯುವುದು ನಿಲ್ಲಿಸಿದೆವು. ಇನ್ನರ್ಧ, ಅಂದರೆ ರೈತ ಬೆಳೆಸಿ ಸುಲಭವಾಗಿ ಮಾರುವುದು, ಅದು ಹೆಬ್ರಿಯವರ ಹಲಸಿನ ಹಾಗೆ ಕಚೇರಿಯಲ್ಲೇ ನಿಂತಿತು.

ಕಾಡುಪಾಪ, ಮಣಿಪಾಲ

ಗಾರ್ಡ್ ಸರ್ ಹೇಳಿದ ಆ "ಇನ್ನರ್ಧ" ನಮ್ಮಲ್ಲಿ ಮಾತ್ರ ಅಲ್ಲ, ಬೇರೆ ದೇಶಗಳಲ್ಲೂ ಹಾಗೇ ಬಿಟ್ಟುಹೋಗಿದೆ. ನಾನು ಇದರ ಬಗ್ಗೆ ಓದುತ್ತಿರುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಥಾಯ್ಲೆಂಡಿನಲ್ಲಿ 1988ರ ಕೊನೆಗೆ ದೊಡ್ಡ ನೆರೆ, ಭೂಕುಸಿತ ಆಗಿ ಜನ ಸತ್ತರು. 1989ರ ಜನವರಿಯಲ್ಲಿ ಸರ್ಕಾರ ಕಾಡಿನ ಮರ ಕಡಿಯುವುದನ್ನೇ ನಿಷೇಧಿಸಿತು. ಥಾಯ್ ಕಂಪನಿಗಳು ಗಡಿ ದಾಟಿ ಬರ್ಮಾ, ಲಾವೋಸ್ ಕಾಡಿಗೆ ಹೋದವು. ಚೀನಾ 1998ರ ಯಾಂಗ್ಟ್ಸಿ ನೆರೆಯ ನಂತರ ಅದನ್ನೇ ಮಾಡಿತು, ಆಮದು ಏರಿತು. ಆದ್ದರಿಂದ ಉಡುಪಿಯವರು ಕೇಳಿದ್ದಕ್ಕೆ ನೇರ ಉತ್ತರ: ಹೌದು, ಬೇಡಿಕೆಗೆ ಬೇರೆ ದಾರಿ ಮಾಡದೆ ಬರೀ ನಿಷೇಧ ಹಾಕಿದರೆ ಕೊಡಲಿ ಗಡಿ ದಾಟುತ್ತದೆ.

ಇನ್ನೊಂದು ಉಪಾಯ ದಿಮ್ಮಿ ರಫ್ತಿಗೆ ತಡೆ. ಇಂಡೋನೇಷ್ಯಾ 1985ರಲ್ಲಿ ಪೂರ್ತಿ ನಿಲ್ಲಿಸಿತು. ಉದ್ದೇಶ ಒಳ್ಳೆಯದು: ಪ್ಲೈವುಡ್ ನಮ್ಮಲ್ಲೇ ಆಗಲಿ, ಕೆಲಸ ನಮ್ಮವರಿಗೇ ಸಿಗಲಿ. ಕಾರ್ಖಾನೆಗಳು ಎದ್ದವು, ಪ್ಲೈವುಡ್ ಲೋಕಕ್ಕೆಲ್ಲ ಹೋಯಿತು. ಆದರೆ ದೇಶದ ಒಳಗೆ ದಿಮ್ಮಿಯ ಬೆಲೆ ಬಿದ್ದುಹೋಯಿತು. ಮರ ಅಗ್ಗ ಆದರೆ ಯಾರು ಜೋಪಾನ ಮಾಡುತ್ತಾರೆ? ಮಿಲ್ಲುಗಳಲ್ಲಿ ಪೋಲಾಯಿತು, ಮಿಲ್ಲು ಜಾಸ್ತಿಯಾಗಿ ಕಳ್ಳ ಕಡಿತವೂ ಏರಿತು. ಸಾಮಿಲ್ ರೈಟರ್ ಹೇಳಿದ ಮಾತೇ ಅಲ್ಲಿ ನಡೆದದ್ದು. ಮ್ಯಾನ್ಮಾರ್ 2014ರ ಏಪ್ರಿಲ್‌ನಿಂದ, ಗಬಾನ್ 2010ರಿಂದ ದಿಮ್ಮಿ ರಫ್ತು ನಿಲ್ಲಿಸಿವೆ. ನಮ್ಮಲ್ಲಿ ಬರ್ಮಾ ತೇಗದ ದಿಮ್ಮಿ ಅಪರೂಪ ಆದದ್ದು ಅದಕ್ಕೇ.

ಶುಲ್ಕ ಏರಿಸುವುದು ಮೂರನೆಯದು. ಮಲೇಷ್ಯಾದ ಸರವಾಕ್ ರಾಜ್ಯದಲ್ಲಿ ಬೆಟ್ಟದ ಮರಕ್ಕೆ ಘನ ಮೀಟರಿಗೆ ಬರೀ 80 ಸೆನ್ (ನೂರು ಸೆನ್ ಅಂದರೆ ಒಂದು ರಿಂಗಿಟ್) ಇದ್ದ ಪ್ರೀಮಿಯಂ 2017ರಲ್ಲಿ 50 ರಿಂಗಿಟ್ ಆಯಿತು. ರಫ್ತಿನ ಕೋಟಾವನ್ನೂ ಇಳಿಸಿದರು. ಅಷ್ಟು ವರ್ಷ ನೂರಾರು ವರ್ಷದ ಮರ ಎಷ್ಟು ಅಗ್ಗಕ್ಕೆ ಹೋಯಿತು ಎಂದು ನೋಡಿ. ಸರವಾಕ್ ದಿಮ್ಮಿಯ ದೊಡ್ಡ ಗಿರಾಕಿ ಭಾರತವೇ ಆಗಿತ್ತು, ಇದು ನಮಗೆ ಗೊತ್ತಿರಬೇಕು.

ನಿಜವಾಗಿ ಕೆಲಸ ಮಾಡಿದ್ದನ್ನು ಹೇಳಬೇಕಾದರೆ ಬ್ರೆಜಿಲ್. ಅಮೆಜಾನಿನಲ್ಲಿ 2004ರಲ್ಲಿ 27,000 ಚದರ ಕಿಲೋಮೀಟರಿಗೂ ಜಾಸ್ತಿ ಕಾಡು ಒಂದೇ ವರ್ಷ ಹೋಯಿತು. 2012ರ ಹೊತ್ತಿಗೆ ಅದು 4,600ಕ್ಕಿಂತ ಕೆಳಗೆ ಇಳಿಯಿತು. ಹೇಗೆ? ಒಂದೇ ಕಾನೂನಿನಿಂದ ಅಲ್ಲ. ಉಪಗ್ರಹದ ಚಿತ್ರ ನೋಡಿ ಎಲ್ಲಿ ಕಡಿಯುತ್ತಿದ್ದಾರೆ ಎಂದು ಬೇಗ ತಿಳಿಸುವ ವ್ಯವಸ್ಥೆ ಮಾಡಿದರು, ತಂಡ ಹೋಗಿ ದಂಡ ಹಾಕಿತು. ಜಾಸ್ತಿ ಕಡಿಯುವ ಪುರಸಭೆಗಳ ಹೆಸರನ್ನು ಪಟ್ಟಿ ಮಾಡಿ ಪ್ರಕಟಿಸಿದರು. 2008ರಿಂದ ಅಮೆಜಾನ್ ಪ್ರದೇಶದಲ್ಲಿ ಪರಿಸರ ನಿಯಮ ಪಾಲಿಸದ ಜಮೀನಿಗೆ ಬ್ಯಾಂಕಿನ ಕೃಷಿ ಸಾಲ ಇಲ್ಲ ಎಂದರು. ನನಗೆ ಇದು ತುಂಬ ಮುಖ್ಯ ಅನಿಸುತ್ತದೆ. ಗಾರ್ಡ್ ಹೋಗಲಾಗದ ಜಾಗಕ್ಕೆ ಬ್ಯಾಂಕು ಹೋಗುತ್ತದೆ. ಆಮೇಲೆ ಸರ್ಕಾರದ ಆಸಕ್ತಿ ಕಡಿಮೆ ಆಯಿತು, 2021ರಲ್ಲಿ ಮತ್ತೆ 13,000 ದಾಟಿತು. ಹಿಡಿತ ಬಿಗಿ ಆದ ಮೇಲೆ ಪುನಃ ಇಳಿದಿದೆ.

ಕೋಸ್ಟರಿಕಾ ಇನ್ನೊಂದು ದಾರಿ ಹಿಡಿಯಿತು. 1996ರ ಅರಣ್ಯ ಕಾನೂನಿನಲ್ಲಿ ಕಾಡನ್ನು ಬೇರೆ ಬಳಕೆಗೆ ಬದಲಿಸುವುದನ್ನು ನಿಷೇಧಿಸಿ, ಅದರ ಜೊತೆಗೇ ಕಾಡು ಉಳಿಸಿಕೊಂಡ ಜಾಗದ ಮಾಲೀಕನಿಗೆ ಹೆಕ್ಟೇರ್ ಲೆಕ್ಕದಲ್ಲಿ ದುಡ್ಡು ಕೊಡಲು ಶುರು ಮಾಡಿದರು. ದುಡ್ಡು ಬಂದದ್ದು ಮುಖ್ಯವಾಗಿ ಪೆಟ್ರೋಲ್, ಡೀಸೆಲ್ ತೆರಿಗೆಯಿಂದ. ಬೇಡ ಎಂದು ಹೇಳಿದ ಕೈಯೇ ಪರಿಹಾರವನ್ನೂ ಕೊಟ್ಟಿತು. ಕುಂದಾಪುರದವರ ಹಾಡಿಗೆ ಇಂಥದ್ದು ಬೇಕು.

ಹೆಬ್ರಿ ತೋಟ

ಪಾಪ ಅವರೆ, ಚೆನ್ನಾಗಿ ಬರೆದಿದ್ದೀರಿ. ನಮ್ಮಲ್ಲೂ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011ರಿಂದ ಉಂಟು. ನರ್ಸರಿಯಿಂದ ಕಡಿಮೆ ಬೆಲೆಗೆ ಸಸಿ ಕೊಡುತ್ತಾರೆ, ಬದುಕಿದ ಸಸಿಗೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ. ಮೂರು ವರ್ಷಕ್ಕೆ 125. ಒಳ್ಳೆಯ ಯೋಜನೆ, ಬೇಡ ಎನ್ನುವುದಿಲ್ಲ. ಆದರೆ ಮೂರು ವರ್ಷದ ಸಸಿಯನ್ನು ಬೆಳೆಸುವುದು ದೊಡ್ಡ ವಿಷಯವೇ ಅಲ್ಲ. ಅದು ಮೂವತ್ತು ವರ್ಷ ನಿಲ್ಲಬೇಕಾದರೆ ಕೊನೆಗೆ ಕಡಿಯಲು ಬಿಡುತ್ತಾರೆ ಎಂಬ ಭರವಸೆ ಬೇಕು.

ಪಣಂಬೂರು ಶಿಪ್ಪಿಂಗ್

ನಾನು ರಫ್ತಿನ ಕಾಗದಪತ್ರ ನೋಡುವವಳು. ಕಾಫಿ ಜಾಸ್ತಿ. ಇಲ್ಲಿಂದ ಒಂದು ವಿಷಯ ಹೇಳುತ್ತೇನೆ.

ಯುರೋಪಿನವರು 2023ರಲ್ಲಿ ಹೊಸ ಕಾನೂನು ತಂದರು. ಮರ, ಕಾಫಿ, ರಬ್ಬರ್, ಕೋಕೋ, ಸೋಯಾ, ತಾಳೆ ಎಣ್ಣೆ, ದನ, ಈ ಏಳರಿಂದ ಬಂದ ಸಾಮಾನು 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಾಗಿರಬಾರದು. ಬೆಳೆದ ತೋಟದ ಜಾಗವನ್ನು ಅಕ್ಷಾಂಶ ರೇಖಾಂಶ ಸಮೇತ ಕೊಡಬೇಕು. ಜಾರಿಯನ್ನು ಎರಡು ಸಲ ಮುಂದೂಡಿದ್ದಾರೆ, ಆದರೆ ಘಟ್ಟದ ಮೇಲೆ ತೋಟದವರು ತಯಾರಿ ಶುರು ಮಾಡಿಯಾಗಿದೆ. ಸಣ್ಣ ಬೆಳೆಗಾರರಿಗೆ ಕಷ್ಟ ಉಂಟು, ಆ ಖರ್ಚನ್ನು ಕೊಳ್ಳುವವರೂ ಹೊರಬೇಕು ಎಂದು ನನ್ನ ಅಭಿಪ್ರಾಯ.

ನನಗೆ ಬೇಸರ ಆಗುವುದು ಇಲ್ಲಿ. ನಮ್ಮ ಬಂದರಿನಿಂದ ಹೊರಗೆ ಹೋಗುವ ಕಾಫಿಗೆ ಇಷ್ಟು ಪ್ರಶ್ನೆ. ಅದೇ ಬಂದರಿಗೆ ಒಳಗೆ ಬರುವ ದಿಮ್ಮಿಗೆ ಮುಖ್ಯವಾಗಿ ಕೇಳುವುದು ಹುಳ, ರೋಗ ಇಲ್ಲ ಎಂಬ ಸರ್ಟಿಫಿಕೇಟು ಮತ್ತು ಸುಂಕ. ಬೀಟೆಯ ಜಾತಿಯಂಥ ಮರವಾದರೆ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪರವಾನಗಿ ಬೇಕು, ಆ ಇಡೀ ಕುಲವನ್ನು 2017ರಿಂದ ಪಟ್ಟಿಗೆ ಸೇರಿಸಿದ್ದಾರೆ. ಉಳಿದ ಮರ ಅದರ ದೇಶದಲ್ಲಿ ಕಾನೂನು ಪ್ರಕಾರ ಕಡಿದದ್ದಾ ಎಂದು ಕೇಳುವ ಕಾನೂನು ನಮ್ಮಲ್ಲಿ ಇಲ್ಲ. ಅಮೆರಿಕ 2008ರಲ್ಲೇ ತಂದಿತು. ಚೀನಾ ಕೂಡ 2019ರಲ್ಲಿ ಅರಣ್ಯ ಕಾನೂನು ತಿದ್ದಿ ಕಳ್ಳ ಮರ ಎಂದು ಗೊತ್ತಿದ್ದೂ ಕೊಂಡರೆ ತಪ್ಪು ಎಂದು ಸೇರಿಸಿತು. ನಾವು ಇಷ್ಟು ದೊಡ್ಡ ಗಿರಾಕಿ. ನಾವು ಒಂದು ಮಾತು ಕೇಳಿದರೆ ಅಲ್ಲಿ ಕಡಿಯುವವರು ಬದಲಾಗಲೇಬೇಕಾಗುತ್ತದೆ.

ಮುಚ್ಚಿಗೆ ಮನೆ, ಉಡುಪಿ

ಅಕ್ಕ, ಇದು ನನಗೆ ಗೊತ್ತೇ ಇರಲಿಲ್ಲ. ತುಂಬ ಥ್ಯಾಂಕ್ಸ್. ಎಫ್ಎಸ್‌ಸಿ ಅಂತ ಒಂದು ಮುದ್ರೆ ಪೇಪರ್ ಕಪ್ಪಿನ ಮೇಲೆಲ್ಲ ಕಾಣುತ್ತದಲ್ಲ, ಅದು ಇರುವ ಮರ ತರಿಸಿದರೆ ಆಯಿತಾ?

ಕಾಡುಪಾಪ, ಮಣಿಪಾಲ

ಸ್ವಲ್ಪ ಆಯಿತು, ಪೂರ್ತಿ ಅಲ್ಲ. 1992ರ ರಿಯೋ ಸಮಾವೇಶದಲ್ಲಿ ಕಾಡಿನ ಬಗ್ಗೆ ಎಲ್ಲ ದೇಶಗಳನ್ನು ಕಟ್ಟಿಹಾಕುವ ಒಪ್ಪಂದ ಆಗಲಿಲ್ಲ. ಮರುವರ್ಷವೇ ಎಫ್ಎಸ್‌ಸಿ ಹುಟ್ಟಿತು. ಸರ್ಕಾರದ ಹೊರಗೆ ನಿಂತು ಕಾಡನ್ನು ಪರೀಕ್ಷಿಸಿ ಮುದ್ರೆ ಕೊಡುವುದು. ಅದಕ್ಕೂ ಮುಂಚೆ 1986ರಿಂದ ಉಷ್ಣವಲಯದ ಮರಕ್ಕೆಂದೇ ಒಂದು ಅಂತರರಾಷ್ಟ್ರೀಯ ಸಂಸ್ಥೆ ಉಂಟು, ಜಪಾನಿನ ಯೊಕೊಹಾಮಾದಲ್ಲಿ. ಭಾರತವೂ ಸದಸ್ಯ. 2000ನೇ ಇಸವಿಯ ಒಳಗೆ ರಫ್ತಾಗುವ ಮರವೆಲ್ಲ ಸರಿಯಾಗಿ ನಿರ್ವಹಿಸಿದ ಕಾಡಿನದ್ದೇ ಆಗಬೇಕು ಎಂದು ಗುರಿ ಇಟ್ಟಿದ್ದರು. 2005ರಲ್ಲಿ ಅವರದೇ ವರದಿ ನೋಡಿದರೆ, ಆ ದೇಶಗಳ ಶಾಶ್ವತ ಕಾಡಿನಲ್ಲಿ ಶೇ 5ರಷ್ಟೂ ಆ ಮಟ್ಟಕ್ಕೆ ಬಂದಿರಲಿಲ್ಲ.

ಮುದ್ರೆಯ ತೊಂದರೆ ಅಂದರೆ ಖರ್ಚು. ದೊಡ್ಡ ಕಂಪನಿಗೆ ಸುಲಭ, ಕಾಡಿನ ಊರಿನವರಿಗೆ ಕಷ್ಟ. ಇದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ಗ್ವಾಟೆಮಾಲಾದ ಪೆಟೆನ್ ಪ್ರದೇಶ. ಅಲ್ಲಿ 1990ರಲ್ಲಿ ಮಾಯಾ ಜೀವಗೋಳ ಮೀಸಲು ಮಾಡಿದರು. ಅದರ ಒಂದು ಭಾಗವನ್ನು ಊರಿನವರ ಸಂಘಗಳಿಗೆ 25 ವರ್ಷದ ಕರಾರಿನಲ್ಲಿ ಕೊಟ್ಟರು. ಮಹಾಗನಿ ಕಡಿಯಬಹುದು, ಆದರೆ ಎಫ್ಎಸ್‌ಸಿ ಮುದ್ರೆ ಕಡ್ಡಾಯ. ಏನಾಯಿತು ಗೊತ್ತಾ? ಊರಿನವರು ಮರ ಕಡಿಯುತ್ತಿದ್ದ ಆ ಕಾಡಿನಲ್ಲಿ ಅರಣ್ಯನಾಶ ತೀರ ಕಡಿಮೆ, ಯಾರೂ ಮುಟ್ಟಬಾರದು ಎಂದು ಇಟ್ಟ ಕೆಲವು ಉದ್ಯಾನಗಳಲ್ಲಿ ಜಾಸ್ತಿ. ಊರಿನವರೇ ಬೆಂಕಿ ಕಾಯುತ್ತಾರೆ, ಗಸ್ತು ತಿರುಗುತ್ತಾರೆ, ಯಾಕೆಂದರೆ ಮುಂದಿನ ಸರದಿಯ ಮರ ಅವರದ್ದೇ.

ನಿವೃತ್ತ ಗಾರ್ಡ್, ಕಾರ್ಕಳ

ಇದನ್ನು ಓದಿ ಮನಸ್ಸಿಗೆ ಹತ್ತಿರ ಆಯಿತು. ನಮ್ಮಲ್ಲಿ 1993ರಲ್ಲಿ ಜಂಟಿ ಅರಣ್ಯ ಯೋಜನೆ ಬಂದು ಗ್ರಾಮ ಅರಣ್ಯ ಸಮಿತಿಗಳು ಆದವು. ಅಕೇಶಿಯಾ ನೆಡುತೋಪು ಕಟಾವಾದಾಗ ಪಾಲು ಸಿಕ್ಕಿದ ಕಡೆ ಸಮಿತಿ ಜೀವಂತ ಇತ್ತು. ಪಾಲು ಬರದ ಕಡೆ ಬೋರ್ಡು ಮಾತ್ರ ಉಳಿಯಿತು. ಆದರೆ ಘಟ್ಟದ ಸಹಜ ಕಾಡಿನಲ್ಲಿ ಮತ್ತೆ ಕಡಿಯಲು ಯಾರೂ ಬಾಯಿ ತೆಗೆಯಬಾರದು, ಇದರಲ್ಲಿ ನಾನು ಕುಂದಾಪುರದವರ ಪಕ್ಷ. ಸೀತಾನದಿ, ಸ್ವರ್ಣಾ, ನೇತ್ರಾವತಿ ಎಲ್ಲ ಹುಟ್ಟುವುದು ಅಲ್ಲೇ. ಕೊಡಬೇಕಾದದ್ದು ತೋಟದ ಮರಕ್ಕೆ ಸ್ವಾತಂತ್ರ್ಯ.

ಹೆಬ್ರಿಯವರೆ, ಕೇಂದ್ರ ಪರಿಸರ ಸಚಿವಾಲಯ 2025ರ ಜೂನ್‌ನಲ್ಲಿ ಕೃಷಿ ಜಮೀನಿನ ಮರ ಕಡಿಯುವ ಬಗ್ಗೆ ರಾಜ್ಯಗಳಿಗೆ ಮಾದರಿ ನಿಯಮ ಕಳಿಸಿದೆ. ನೆಟ್ಟಾಗಲೇ ಪೋರ್ಟಲಿನಲ್ಲಿ ಜಾಗ, ಜಾತಿ, ವರ್ಷ ನೋಂದಾಯಿಸುವುದು. 10 ಮರದವರೆಗೆ ಫೋಟೋ ಹಾಕಿದರೆ ಸಾಕು, ಅದಕ್ಕಿಂತ ಜಾಸ್ತಿ ಇದ್ದರೆ ಪರಿಶೀಲನೆಗೆ ಬರುತ್ತಾರೆ. ಜಾರಿ ಮಾಡಬೇಕಾದದ್ದು ರಾಜ್ಯ. ಕುಮ್ಕಿ ಗಡಿಯ ಮರಕ್ಕೆ ಬೇರೆಯದೇ ಕ್ರಮ ಬೇಕು, ಅದನ್ನು ನಮ್ಮ ಎರಡು ಜಿಲ್ಲೆಯವರೇ ಕೇಳಬೇಕು, ಬೆಂಗಳೂರಿನಲ್ಲಿ ಕೂತವರಿಗೆ ಕುಮ್ಕಿ ಅರ್ಥ ಆಗುವುದಿಲ್ಲ.

ಕುಂದಾಪ್ರ ಹಾಡಿ

ನೆಟ್ಟದ್ದಕ್ಕೆ ನೋಂದಣಿ, ಹಾಡಿಗೆ ಹಣ, ಘಟ್ಟಕ್ಕೆ ಪೂರ್ತಿ ರಕ್ಷಣೆ. ಹೀಗೆ ಮೂರನ್ನೂ ಬೇರೆ ಬೇರೆ ಮಾಡುವುದಾದರೆ ನನ್ನದೂ ಒಪ್ಪಿಗೆ. ಮೂರಕ್ಕೂ ಒಂದೇ ಫಾರ್ಮು ಇರುವುದರಿಂದಲೇ ಇಷ್ಟೆಲ್ಲ ಗೋಳು. ಆದರೆ ನೋಂದಣಿ ಹೆಸರಿನಲ್ಲಿ ಹಾಡಿಯ ಹಳೆ ಮರವನ್ನು "ನಾನು ನೆಟ್ಟದ್ದು" ಎಂದು ಬರೆಸಿಕೊಳ್ಳದ ಹಾಗೆ ಹಳೆ ಉಪಗ್ರಹ ಚಿತ್ರ ಹೋಲಿಸಿ ನೋಡಬೇಕು. ಇದನ್ನು ಮಾತ್ರ ಬಿಡಬೇಡಿ.

ಸಾಮಿಲ್ ರೈಟರ್, ಮಂಗಳೂರು

ಉಡುಪಿಯವರೆ, ಕಾನೂನು ಬರುವವರೆಗೆ ಕಾಯಬೇಡಿ. ಮರ ತೆಗೆಯುವಾಗ ಮೂರು ಕೇಳಿ. ಬಿಲ್ಲಿನಲ್ಲಿ "ಮಲೇಷ್ಯಾ" ಅಂತಲ್ಲ, ಮರದ ಜಾತಿ ಬರೆಯಿರಿ ಎನ್ನಿ: ಮೆರಂತಿಯಾ, ಕಾಪುರ್ ಆ, ಬೇರೆಯಾ. ಯಾವ ಹಡಗಿನ ಸರಕು, ಯಾವ ದೇಶದ ಯಾವ ರಾಜ್ಯದ್ದು ಎಂದು ಕೇಳಿ. ದಿಮ್ಮಿಯಾಗಿ ತೆಗೆದುಕೊಳ್ಳುವುದಾದರೆ ತುದಿ ಕೊಯ್ಯುವ ಮುಂಚೆ ಟ್ಯಾಗಿನ ಫೋಟೋ ತೆಗೆಯಿರಿ. ಮೊದಲು ಅಂಗಡಿಯವರು ಮುಖ ನೋಡುತ್ತಾರೆ. ನಾಲ್ಕು ಜನ ಕೇಳಿದರೆ ಅವರು ಹಿಂದಿನವರನ್ನು ಕೇಳುತ್ತಾರೆ.

ಮತ್ತೆ ಊರಿನ ಹಲಸು ಸಿಕ್ಕಿದರೆ, ಅರಣ್ಯ ಇಲಾಖೆಯ ಸಾಗಾಟದ ಪಾಸ್ ಇರುವ ಮರವಾದರೆ, ದಯವಿಟ್ಟು ಅದನ್ನೇ ಹಾಕಿಸಿ. ದಿಮ್ಮಿಯ ಅಳತೆಯಲ್ಲಿ ಮೋಸ ಆಗುತ್ತದೆ ಎಂದು ಹೆದರುವವರಿದ್ದಾರೆ. ಲೆಕ್ಕ ಸುಲಭ: ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ. ನಿಜವಾದ ಗಾತ್ರಕ್ಕಿಂತ ಶೇ 21ರಷ್ಟು ಕಡಿಮೆ ಬರುತ್ತದೆ, ಕೊಯ್ಯುವಾಗ ಹೋಗುವ ಹೊರಮೈಗೆ ಅದು ರಿಯಾಯಿತಿ. ಹೆಬ್ರಿಯವರೆ, ನೀವು ಮಾರುವಾಗಲೂ ಇದೇ ಲೆಕ್ಕ ಕೇಳಿ, ಕಣ್ಣಂದಾಜಿಗೆ ಕೊಡಬೇಡಿ.

ಹೆಬ್ರಿ ತೋಟ

ಸರಿ ರೈಟರೆ. ಮುರಿದು ಬಿದ್ದ ಆ ಹಲಸಿನ ಕಾಂಡ ಇನ್ನೂ ತೋಟದಲ್ಲೇ ಉಂಟು, ಒಳಮರ ಗಟ್ಟಿಯಿದೆ. ಬಿದ್ದ ಮರಕ್ಕೂ ಸಾಗಾಟದ ಪಾಸ್ ಬೇಕಾ? ಆನ್‌ಲೈನಿನಲ್ಲಿ ಹಾಕಲು ಆಗುತ್ತದಾ?

ನಿವೃತ್ತ ಗಾರ್ಡ್, ಕಾರ್ಕಳ

ಮನೆಯಲ್ಲೇ ಕೊಯ್ದು ಬಳಸುವುದು ಬೇರೆ, ಲಾರಿಗೆ ಹತ್ತಿಸಿ ಮಿಲ್ಲಿಗೆ ಕಳಿಸುವುದು ಬೇರೆ. ಸಾಗಿಸುವುದಾದರೆ ಪಾಸ್ ಮಾಡಿಸಿಕೊಳ್ಳಿ, ಬಿದ್ದ ಮರ ಎಂದು ದಾರಿಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. 2023ರ ಕೊನೆಗೆ ಇಡೀ ದೇಶಕ್ಕೆ ಒಂದೇ ಪಾಸ್ ಎಂದು ಆನ್‌ಲೈನ್ ವ್ಯವಸ್ಥೆ ಬಂದಿದೆ, ಅದರಲ್ಲಿ ಪ್ರಯತ್ನ ಮಾಡಿ. ಈಗಲೇ ಬುಡ, ಮುರಿದ ಜಾಗ, ತೋಟದ ಗಡಿಕಲ್ಲು ಮೂರೂ ಒಂದೇ ಚೌಕಟ್ಟಿನಲ್ಲಿ ಬರುವ ಹಾಗೆ ಫೋಟೋ ತೆಗೆದಿಡಿ. ಕಾಗದ ನಾನು ಬರೆದುಕೊಡುತ್ತೇನೆ, ಭಾನುವಾರ ಕಾರ್ಕಳಕ್ಕೆ ಬಂದರೆ ತನ್ನಿ.